ಪೈಲಟ್ ವೀರಭದ್ರಪ್ಪನ ಕೋಟು

"ಅದು ನಮ್ಮಪ್ಪನ ಕೋಟು," ಎಂದಳು ರಶ್ಮಿ.

ಸಿರುಗುಪ್ಪದ ಬಸ್ ನಿಲ್ದಾಣದ ಎದುರು ನನ್ನಾರಿ ಶರಬತ್ತಿನ ಬಂಡಿ. ಅದರ ಮೇಲೆ ಮಂಜುಗಡ್ಡೆಯ ದಿಮ್ಮಿಯನ್ನು ತಬ್ಬಿಕೊಂಡು ಆ ಕಿತ್ತಳೆ ಬಣ್ಣದ ದಪ್ಪ ಕೋಟು ಮಲಗಿತ್ತು. ಎರಡೂ ತೋಳುಗಳನ್ನು ಎಳೆದು ಗಂಟು ಹಾಕಿದ್ದರು. ಎದೆಯ ಮೇಲಿನ ಹೆಸರಿನ ಪಟ್ಟಿ ಶರಬತ್ತಿನ ಕಲೆಯಲ್ಲಿ ಅರ್ಧ ಮುಳುಗಿತ್ತು.

"ಗೊತ್ತೈತಿ ತಾಯಿ," ಎಂದಳು ಬಂಡಿಯ ಹಂಪಕ್ಕ, ನಿಂಬೆಹಣ್ಣು ಹಿಂಡುವುದನ್ನು ನಿಲ್ಲಿಸದೆ. "ಸಾಹೇಬ್ರೇ ಕೊಟ್ಟಿದ್ದು. ಗೋಣಿಚೀಲ, ಭತ್ತದ ಹೊಟ್ಟು ಹಾಕಿದ್ರ ಮಧ್ಯಾಹ್ನಕ್ಕ ಅರ್ಧ ಗಡ್ಡಿ ನೀರಾಗತಿತ್ತು. ಇದನ್ನ ಹೊಚ್ಚಿದ್ರ ಸಂಜಿತನ ಗಡ್ಡಿ ಗಡ್ಡೀನ."

ರಶ್ಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಸೀಮೆಯಿಂದ ಹೋಗಿ ಅಂಟಾರ್ಕ್ಟಿಕದ ಹಿಮದ ಮೇಲೆ ಮೊದಲು ಹೆಲಿಕಾಪ್ಟರ್ ಹಾರಿಸಿದವನು ಅವಳಪ್ಪ. ತೀರಿಕೊಂಡು ವರ್ಷವಾಗಿತ್ತು. ಬಳ್ಳಾರಿಯಲ್ಲಿ ಅವಳು ಪಾಠ ಮಾಡುವ ಕಾಲೇಜಿನಲ್ಲಿ ನಾಳೆ ಅವನ ಹೆಸರಿನ ಕೋಣೆಯ ಉದ್ಘಾಟನೆ. ಗಾಜಿನ ಕಪಾಟು ಬಂದು ನಿಂತಿದೆ, ಒಳಗಿಡಲು ಒಂದು ಮಾಸಿದ ಫೋಟೋ ಬಿಟ್ಟರೆ ಏನೂ ಇಲ್ಲ. "ಮೇಡಂ, ಖರೇನೇ ಹೋಗಿದ್ರೇನ್ರಿ, ಇಲ್ಲಾ ವಾಟ್ಸಾಪ್ ಸುದ್ದಿನೋ?" ಎಂದು ಕ್ಲಾಸಿನಲ್ಲೇ ಒಬ್ಬ ಕೇಳಿದ್ದ. ಇಡೀ ಬೆಂಚು ನಕ್ಕಿತ್ತು. ಆವತ್ತಿನಿಂದ ಅವಳಿಗೆ ಅಪ್ಪ ಅಲ್ಲಿ ತೊಟ್ಟಿದ್ದ ಈ ಕೋಟು ಬೇಕೇ ಬೇಕಾಗಿತ್ತು. ಅದು ಇಲ್ಲಿದೆ ಎಂದು ಹೇಳಿದವನು ಅವರ ಗದ್ದೆ ನೋಡಿಕೊಳ್ಳುವ ಮಾರೆಣ್ಣ.

ಅಷ್ಟರಲ್ಲಿ ಅಮ್ಮ ದಾಕ್ಷಾಯಣಮ್ಮ ಕಾರಿನಿಂದ ಇಳಿದು ಬಂದಳು. ಕೋಟು ನೋಡಿದ್ದೇ ಅವಳ ಮುಖ ಬಿಗಿಯಿತು. "ವರ್ಗಾ ಆದಾಗ ಕಳದು ಹೋತು ಅಂದಿದ್ರು ನನಗ. ಈಕಿಗೆ ಕೊಟ್ಟಾರ ನೋಡು!"

"ಸಿಟ್ಟಾಗಬ್ಯಾಡ್ರಿ ಅಮ್ಮಾರ. ನಿಮ್ಮ ಕೈಗೆ ಸಿಕ್ರ ಸ್ಟೀಲ್ ಪಾತ್ರಿಯಾಕಿಗೆ ಹೋಗತೈತಿ ಅಂತಿದ್ರು. ಇದರ ಜೋಡಿ ಪ್ಯಾಂಟು ಹಾಕಿ ಕೊಳಗ ತಗೊಂಡ್ರಂತಲ್ಲ ನೀವು?"

"ಕೊಳಗಲ್ಲ, ಬೋಗಾಣಿ," ಎಂದಳು ಅಮ್ಮ ಖಡಾಖಂಡಿತವಾಗಿ. "ಗಟ್ಟಿ ಬೋಗಾಣಿ. ಬಳ್ಳಾರಿ ಬಿಸಲಾಗ ಆ ಪ್ಯಾಂಟು ಯಾರು ಹಾಕ್ಕೊಂತಾರ?"

ಹಂಪಕ್ಕ ಜಗಳಕ್ಕೆ ನಿಲ್ಲಲಿಲ್ಲ. "ಒಯ್ಯಿರಿ. ಹೋದೋರ ಸಾಮಾನು ಮನ್ಯೋರದು," ಎಂದು ಕೈ ಒರೆಸಿಕೊಂಡು ತೋಳಿನ ಗಂಟಿಗೆ ಕೈ ಹಾಕಿದಳು. ನೆನೆದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.

"ಇಲ್ಲಿಗ್ಯಾಕ ಬರತಿದ್ರು ಅವರು?" ಅಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಗದ್ದಿ ನೋಡಾಕ ಅಂತ ಬಂದು ಶರಬತ್ ಕುಡೀತಿದ್ರೇನು? ಶುಗರ್ ಇತ್ತು ಅವರಿಗೆ."

"ಒಂದು ಹನಿ ಮುಟ್ಟತಿದ್ದಿಲ್ರಿ. ಇದರೊಳಗ ಕೈ ಇಟಗೊಂಡು ಕುಂದರತಿದ್ರು, ಅಷ್ಟ. ಮಾತಾಡಿದ್ರ ಆ ಬರ್ಫಿನ ಊರಿನ ಮಾತ. ಒಮ್ಮಿ ಇಳಿಸೋ ಹೊತ್ತಿಗೆ ಮ್ಯಾಲೂ ಬಿಳಿ, ಕೆಳಗೂ ಬಿಳಿ, ನೆಲ ಎಲ್ಲೈತಿ ಅಂತ ಗೊತ್ತಾಗಲಿಲ್ಲಂತ. ಹಿಂದ ಕುಂತೋರು ದೇವರ ಹೆಸರು ಹೇಳಾಕ ಹತ್ತಿದ್ರಂತ. ನಿಮ್ಮ ತವರುಮನಿ ಕುರುಗೋಡಿನ್ಯಾಗ ನೀವು ಕುಟ್ಟಿ ಕಟ್ಟಿಕೊಟ್ಟಿದ್ರಲ್ಲ ಖಾರದಪುಡಿ, ಆ ಚೀಲ ಹರದು ಕಿಟಕ್ಯಾಗಿಂದ ಚೆಲ್ಲಿದ್ರಂತ. ಕೆಂಪಗ ಬಿದ್ದಲ್ಲಿ ನೆಲ ಅಂತ ತಿಳಕೊಂಡು ಇಳಿಸಿದ್ರಂತ ನೋಡ್ರಿ."

ಅಮ್ಮ ಬಂಡಿಯ ಅಂಚು ಹಿಡಿದುಕೊಂಡಳು. "ಖಾರ ಸಾಲ್ತೇನ್ರಿ ಅಂತ ಕೇಳಿದ್ದೆ. ಸಾಲ್ತು ಅಂದಿದ್ರು. ಬರೇ ಸಾಲ್ತು. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮತ್ತ ಹಾರಾಕ ಬಿಡತಿದ್ರೇನು?"

"ಎಲ್ಲಿ ಬಿಡತಿದ್ದೆ!"

ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಅಮ್ಮ ಬಳೆ ಹಿಂದಕ್ಕೆ ಸರಿಸಿ ಕೋಟಿನೊಳಗೆ ಕೈ ತೂರಿಸಿದಳು. ಮೊಣಕೈವರೆಗೂ ಹೋಯಿತು. ಒಮ್ಮೆ ಮೈ ನಡುಗಿತು, ಕೈ ಮಾತ್ರ ಹೊರಗೆ ಬರಲಿಲ್ಲ. ಅಪ್ಪ ಮಾತು ತೆಗೆದಾಗಲೆಲ್ಲ "ಸಾಕು ಬಿಡ್ರಿ ನಿಮ್ಮ ಬರ್ಫಿನ ಪುರಾಣ" ಎಂದು ಅಡುಗೆಮನೆಗೆ ಎದ್ದು ಹೋಗುತ್ತಿದ್ದವಳು ಅವಳು. ಈಗ ಹಂಪಕ್ಕನ ಕೈಯನ್ನು ಗಂಟಿನಿಂದ ಮೆಲ್ಲಗೆ ಬಿಡಿಸಿದಳು.

"ಬಿಚ್ಚಬ್ಯಾಡವಾ. ಇಲ್ಲೇ ಇರಲಿ."

"ಅಮ್ಮಾ! ನಾಳಿ ಕಪಾಟು ಖಾಲಿ ಇರತೈತಿ," ಎಂದಳು ರಶ್ಮಿ. "ಹುಡುಗ್ರು ನಗತಾರ. ಪ್ರಿನ್ಸಿಪಾಲರಿಗೆ ಏನು ಹೇಳ್ಲಿ ನಾನು?"

"ಬಳ್ಳಾರ್ಯಾಗ ಜೀನ್ಸ್ ಹೊಲಿಯೋರಿಗೆ ಹೇಳು, ಬೆಳಗಾಗೂದ್ರಾಗ ಇಂಥಾವು ಹತ್ತು ಹೊಲಕೊಡತಾರ," ಎಂದು ಹಂಪಕ್ಕ ನಕ್ಕಳು. ತಾಯಿ ಮಗಳು ನಗಲಿಲ್ಲ.

"ಕೈ ಇಡು ಇಲ್ಲಿ," ಎಂದಳು ಅಮ್ಮ. ರಶ್ಮಿ ಇಟ್ಟಳು, ಮುಟ್ಟಿದ್ದೇ ಹಿಂದಕ್ಕೆ ಎಳೆದುಕೊಳ್ಳಲು ಹೋದಳು. ಅಮ್ಮ ಮಣಿಕಟ್ಟು ಹಿಡಿದು ಬಿಡಲಿಲ್ಲ. ಬೆರಳ ತುದಿ ಮೊದಲು ಉರಿಯಿತು, ಆಮೇಲೆ ಮೂಳೆಯೊಳಗೆ ನೋವು ಇಳಿಯಿತು.

"ನೀ ಹುಟ್ಟಿದ ದಿನ ನಿಮ್ಮಪ್ಪ ಇದರಾಗ, ಇಂಥಾ ಥಂಡ್ಯಾಗ ಇದ್ದ," ಎಂದಳು ಅಮ್ಮ.

ರಶ್ಮಿಯ ಹೆಗಲಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಕಾಲೇಜಿನಿಂದಲೇ ಇರಬೇಕು. ಅದು ನಿಂತಿತು, ಮತ್ತೆ ಶುರುವಾಯಿತು. ಅವಳ ಬೆರಳುಗಳಿಗೆ ಆಗಲೇ ಏನೂ ತಿಳಿಯುತ್ತಿರಲಿಲ್ಲ. ಅಮ್ಮ ಹಿಡಿತ ಬಿಟ್ಟಿದ್ದಳು. ರಶ್ಮಿ ಕೈ ತೆಗೆಯಲಿಲ್ಲ.