ಏಳನೇ ಟ್ಯಾಂಕಿನ ಅಂಕಿ

“ಏಳನೇ ಟ್ಯಾಂಕಿನ ನೀರು ಕುಡಿದು ಹನ್ನೊಂದು ಜನ ಆಸ್ಪತ್ರೆ ಸೇರಿದ್ದಾರೆ. ನಿಮ್ಮ ವರದಿಯಲ್ಲಿ ನೋಡಿದ್ರೆ ಎಲ್ಲಾ ನೆಟ್ಟಗಿದೆ!” ಎಂದವರೇ ಅಧಿಕಾರಿ ಫೋನ್ ಕುಕ್ಕಿದರು.

ಗುಮಾಸ್ತ ರಿಸೀವರ್ ಕೆಳಗಿಟ್ಟ. ನೀರು ಸರಬರಾಜು ಕಚೇರಿಯಲ್ಲಿ ಅವನದು ಒಂದೇ ಕೆಲಸ. ಮೇಲಿನ ಮಹಡಿಯ ಪ್ರಯೋಗಾಲಯದಿಂದ ಬರುವ ಎಕ್ಸೆಲ್ ಫೈಲಿನ ಅಂಕಿಗಳನ್ನು ಒಂದೊಂದಾಗಿ ಓದಿ, ತಾಳೆ ನೋಡಿ, ತಿಂಗಳ ವರದಿಯ ಫೈಲಿಗೆ ಇಳಿಸುವುದು. ಎರಡು ವರ್ಷದ ಹಿಂದೆ ಅವನು ಗುಟ್ಟಾಗಿ ಒಂದು ಮ್ಯಾಕ್ರೋ ಬರೆದುಕೊಂಡಿದ್ದ. ಗುಂಡಿ ಒತ್ತಿದರೆ ಸಾಕು, ಆ ಫೈಲಿನ ಸಾಲುಗಳು ಈ ಫೈಲಿಗೆ ಬಂದು ಕೂರುತ್ತಿದ್ದವು. ಅಂದಿನಿಂದ ಒಂದು ಅಂಕಿಯ ಮೇಲೂ ಅವನು ಕಣ್ಣು ಹಾಯಿಸಿರಲಿಲ್ಲ. ಎಷ್ಟು ಅಚ್ಚುಕಟ್ಟು ಎಂದು ಯಾರಾದರೂ ಹೊಗಳಿದರೆ ತಲೆ ತಗ್ಗಿಸುತ್ತಿದ್ದ. ಅದನ್ನು ಅವರು ವಿನಯವೆಂದುಕೊಳ್ಳುತ್ತಿದ್ದರು.

ಸಾಲು ತಪ್ಪಿ ಇಳಿದಿರಬೇಕು. ಆರನೆಯದರ ಅಂಕಿ ಏಳಕ್ಕೆ ಬಂದಿರಬೇಕು. ಎರಡೂ ಫೈಲು ತೆರೆದ. ಏಳನೇ ಟ್ಯಾಂಕು, ಕ್ಲೋರಿನ್ ಸೊನ್ನೆ ಪಾಯಿಂಟ್ ನಾಲ್ಕು, ಇರಬೇಕಾದಷ್ಟೇ. ಅಲ್ಲೂ ಅದೇ, ಇಲ್ಲೂ ಅದೇ. ಒಂದು ಚುಕ್ಕೆಯೂ ಆಚೀಚೆ ಆಗಿರಲಿಲ್ಲ.

ಆದರೂ ಎದೆಯ ಭಾರ ಇಳಿಯಲಿಲ್ಲ. ಓದಿದ್ದರೆ ಏನಾದರೂ ಕಣ್ಣಿಗೆ ಬೀಳುತ್ತಿತ್ತೇನೋ. ಇನ್ನು ವಿಚಾರಣೆ ಪ್ರಯೋಗಾಲಯದ ಅಕ್ಕನ ಕುತ್ತಿಗೆಗೇ ಬರುವುದು. ಪಾಪ, ನಿವೃತ್ತಿಗೆ ಇನ್ನೊಂದು ವರ್ಷವೂ ಇಲ್ಲ, ಮಂಡಿನೋವು ಬೇರೆ. ಬಿರುಗಾಳಿಯ ವಾರದಲ್ಲೂ ಹನ್ನೆರಡು ಟ್ಯಾಂಕಿನ ಅಂಕಿಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿದ ಹೆಂಗಸು.

ಮೆಟ್ಟಿಲೇರಿ ಹೋಗಿ ಅವರ ಮೇಜಿನ ಮುಂದೆ ನಿಂತ.

“ಅಕ್ಕಾ, ತಪ್ಪು ನಂದು. ನೀವು ಅಷ್ಟು ಕಷ್ಟಪಟ್ಟು ಕಳಿಸಿದ್ದನ್ನ ನಾನು ಓದ್ತಾನೇ ಇರಲಿಲ್ಲ. ಮ್ಯಾಕ್ರೋ ಬರೆದಿಟ್ಟು ಕೈತೊಳ್ಕೊಂಡಿದ್ದೆ. ಸಾಹೇಬರ ಮುಂದೆ ನಾನೇ ಒಪ್ಕೋತೀನಿ.”

ಆಕೆಯ ಮುಖ ಬಿಳಿಚಿಕೊಂಡಿತು.

“ಓದ್ತಾನೇ ಇರಲಿಲ್ವಾ? ಇವತ್ತು ಕಂಡುಹಿಡೀತೀಯ, ನಾಳೆ ಕಂಡುಹಿಡೀತೀಯ ಅಂತ ನಾನು ದಿನಾ ಹೆದರ್ಕೊಂಡು ಕೂತಿದ್ದೆ.”

“ಏನನ್ನ ಅಕ್ಕಾ?”

“ಮಂಡಿ ಹೋದ್ಮೇಲೆ ನೀರಿನ ಸ್ಯಾಂಪಲ್ ತರೋಕೆ ಟ್ಯಾಂಕ್ ಹತ್ತೋಕೆ ಆಗ್ಲೇ ಇಲ್ಲಪ್ಪ. ನನ್ನ ಅಳಿಯನ ಕೈಲಿ ನಾನೂ ಒಂದು ಮ್ಯಾಕ್ರೋ ಬರೆಸ್ಕೊಂಡೆ.”

“ಅದು ಅಂಕಿಗಳನ್ನ ಎಲ್ಲಿಂದ ತರುತ್ತೆ?”

“ನಿನ್ನ ಹೋದ ವರ್ಷದ ವರದಿಯಿಂದ.”