ಮೇಲಿನ ಮನೆ, ಕೆಳಗಿನ ಮನೆ

"ಮುಖ ಸ್ವಲ್ಪ ಗಂಟು ಹಾಕ್ಕೋ ಸುಹಾಸ್. ಮನೆ ಇಷ್ಟ ಆಗಿದೆ ಅಂತ ಏಜೆಂಟ್‌ಗೆ ಗೊತ್ತಾಗ್ಬಿಡತ್ತೆ," ಎಂದು ಮಧುರಾ ಅಡುಗೆಮನೆಯ ನಲ್ಲಿ ತಿರುಗಿಸುತ್ತ ಗಂಡನಿಗೆ ಹೇಳಿದಳು. "ಇಲ್ಲಿಂದಲೇ ಬಸ್ ಸ್ಟಾಪ್ ಕಾಣ್ತಾ ಇದೆ. ಏನಾದ್ರೂ ಆಗ್ಲಿ, ಇದನ್ನ ಬಿಡೋದು ಬೇಡ."

ಹಿಂದೆ ಯಾರೋ ನಕ್ಕರು. ತಲೆಗೆ ಬೂದು ಬಣ್ಣದ ಸ್ಕಾರ್ಫ್ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ಫ್ರಿಜ್ ಪಕ್ಕ ನಿಂತಿದ್ದಳು. "ಏಜೆಂಟ್‌ಗೆ ಗೊತ್ತಾಗಲ್ಲ ಬಿಡಿ. ನನಗೆ ಗೊತ್ತಾಯ್ತು," ಎಂದಳು ಅಪ್ಪಟ ಮೈಸೂರು ಕನ್ನಡದಲ್ಲಿ. ಅವಳ ಹೆಸರು ಖುರ್ಷಿದಾ. ಅವಳೂ ಮನೆ ಕೊಳ್ಳಲೆಂದೇ ಬಂದಿದ್ದಳು. ಈಗ ಅವರಿದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಮಂಡಿನೋವಿನ ಅತ್ತೆ ಡಾಕ್ಟರ ಹತ್ತಿರ ಹೋಗಬೇಕಾದಾಗ ಮಾತ್ರ ಕೆಳಗಿಳಿಯುತ್ತಿದ್ದರು. ಈ ಮನೆಗಾದರೆ ಮೆಟ್ಟಿಲೇ ಇರಲಿಲ್ಲ.

ಮಧುರಾ ಆಗ ಐದು ತಿಂಗಳ ಬಸುರಿ. ಆಫೀಸು ಸರೋವರದಾಚೆ ಸಿಯಾಟಲ್‌ನಲ್ಲಿ. ಸೇತುವೆಯ ಮೇಲಿನ ಟ್ರಾಫಿಕ್ಕಿನಲ್ಲಿ ಕಾರು ಸಿಕ್ಕಿಕೊಂಡಾಗಲೆಲ್ಲ, ಮಗು ಬಂದ ಮೇಲೆ ಈ ಹೊತ್ತೆಲ್ಲ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಳು. ಬಸ್ಸುಗಳಿಗಾದರೆ ಸೇತುವೆಯ ಮೇಲೆ ಬೇರೆ ಲೇನ್ ಇತ್ತು. ಆದರೆ ಸರೋವರದ ಈಚೆ, ಅವರಿದ್ದ ಬೆಲ್ವ್ಯೂನಲ್ಲಿ ಬಸ್ಸಿಗೆ ಹತ್ತಿರದ ಮನೆಗೆ ಮಾರಾಟದ ಬೋರ್ಡು ನೆಟ್ಟರೆ ಅದು ವಾರವೂ ನಿಲ್ಲುತ್ತಿರಲಿಲ್ಲ. ಆ ಬೇಸಿಗೆಯುದ್ದಕ್ಕೂ ಅವರ ಕಣ್ಣಿಗೆ ಬಿದ್ದ ಮನೆಯೆಲ್ಲ ಬೇರೆಯವರ ಪಾಲಾಗಿತ್ತು.

ಇಬ್ಬರೂ ಫೋನ್ ನಂಬರ್ ಕೊಟ್ಟು ತೆಗೆದುಕೊಂಡರು. ಎಷ್ಟಕ್ಕೆ ಆಫರ್ ಹಾಕುತ್ತೀರಿ ಎಂದು ಇವಳೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಕೊನೆಗೆ ಇಬ್ಬರಿಗೂ ಸಿಗಲಿಲ್ಲ. ಮನೆಯನ್ನು ಒಳಗೆ ಬಂದು ನೋಡದ ಯಾರೋ ಒಬ್ಬರು ಪೂರ್ತಿ ನಗದು ಕೊಟ್ಟು ಕೊಂಡುಕೊಂಡರು. ಆ ಸಂಜೆ ಮಧುರಾ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಮಾರನೆಯ ದಿನ ಖುರ್ಷಿದಾ ಫೋನ್ ಮಾಡಿದಳು. "ಅದೇ ಬೀದಿ ಕೊನೇಲಿ ಒಬ್ರು ತಾತ ಎಲೆ ಗುಡಿಸ್ತಾ ಇದ್ರಲ್ಲ, ಹೋಗಿ ಮಾತಾಡಿಸ್ದೆ. ಮಗಳ ಹತ್ರ ಮುಕಿಲ್ಟಿಯೊ ಅನ್ನೋ ಊರಿಗೆ ಹೋಗ್ತಾರಂತೆ. ಮನೆ ಮಾರ್ತಾರೆ, ಇನ್ನೂ ಬೋರ್ಡ್ ಹಾಕಿಲ್ಲ. ಕೆಳಗೊಂದು ಮನೆ, ಮೇಲೊಂದು ಮನೆ, ಥೇಟ್ ನಮ್ಮೂರ ಥರಾನೇ. ಆದ್ರೆ ಬಿಡಿಬಿಡಿಯಾಗಿ ಕೊಡಲ್ವಂತೆ. ಎರಡೂ ತಗೊಳ್ಳೋ ಶಕ್ತಿ ನಮಗಿಲ್ಲ." ಆಮೇಲೆ ನೇರವಾಗಿ ಕೇಳಿದಳು. "ನೀವು ಮೇಲಕ್ಕೆ ಬರ್ತೀರಾ?"

ಸುಹಾಸ್ ರಾತ್ರಿ ಊಟದ ತಟ್ಟೆಯಲ್ಲಿ ಗೆರೆ ಎಳೆಯುತ್ತ ಕುಳಿತ. "ಅವರ ವಿಷಯದಲ್ಲಿ ನನಗೇನೂ ತಕರಾರಿಲ್ಲ. ಆದ್ರೆ ಅಮ್ಮ? ಬಾಣಂತನಕ್ಕೆ ಬಂದು ಆರು ತಿಂಗಳು ಇರ್ಬೇಕು. ಕೆಳಗಿಂದ ಮಾಂಸದ ವಾಸನೆ ಬಂತು ಅಂತ ಊಟ ಬಿಟ್ಟು ಕೂತ್ರೆ ಏನ್ ಮಾಡ್ತೀಯ?"

ಮಧುರಾಗೂ ಅದೇ ಅಳುಕಿತ್ತು. ಅವಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಬರಬೇಕಾದವರು ಅತ್ತೆ ವಿಜಯಮ್ಮನೇ. ಮುಚ್ಚಿಟ್ಟು ಆಮೇಲೆ ಹೇಳುವ ಬದಲು ಈಗಲೇ ಕೇಳಿಬಿಡುವುದು ಮೇಲು ಎಂದು ಆಗಲೇ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಬೆಂಗಳೂರಿನಲ್ಲಿ ಬೆಳಿಗ್ಗೆ. ವಿಜಯಮ್ಮ ಎಲ್ಲ ಕೇಳಿಸಿಕೊಂಡರು. ಕುಕ್ಕರ್ ಒಂದು ವಿಶಲ್ ಹಾಕಿತು.

"ಬೇರೆ ಬಾಗಿಲು, ಬೇರೆ ಒಲೆ ತಾನೆ?"

"ಹೂಂ ಅತ್ತೆ. ಆದ್ರೂ ವಾಸನೆ ಬರಬಹುದು."

"ಬಂದ್ರೆ ಕಿಟಕಿ ಹಾಕ್ಕೊಂಡ್ರಾಯ್ತು. ಆ ಹೆಂಗಸಿನ ಅತ್ತೆಗೆ ಕನ್ನಡ ಬರತ್ತಾ?"

"ಮೈಸೂರಿನವರು. ಚೆನ್ನಾಗಿ ಮಾತಾಡ್ತಾರಂತೆ."

"ಹಾಗಿದ್ರೆ ತಗೊಳ್ಳಿ. ಹೋದ ಸಲ ಬಂದಾಗ ನೀವಿಬ್ರೂ ಆಫೀಸಿಗೆ ಹೋದ್ಮೇಲೆ ನಾನು ಟೀವಿ ಜೊತೆ ಮಾತಾಡ್ತಿದ್ದೆ. ನಿಮಗೆ ಹೇಳ್ಲಿಲ್ಲ, ಅಷ್ಟೇ."

ಸುಹಾಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಆ ತಾತನ್ನ ನೋಡೋಕೆ ಯಾವಾಗ ಹೋಗೋಣ?" ಎಂದ.

ವಕೀಲರು, ಬ್ಯಾಂಕು, ಓಡಾಟ ಎಲ್ಲ ಮುಗಿದು ಅಕ್ಟೋಬರ್ ತಿಂಗಳಲ್ಲಿ ಕೀಲಿ ಕೈಗೆ ಬಂತು. ಖುರ್ಷಿದಾಳ ಗಂಡ ಹಬೀಬ್ ಮತ್ತು ಸುಹಾಸ್ ಸೇರಿ ಮೊದಲು ಹಬೀಬನ ತಾಯಿಯ, ಆ ಮಂಡಿನೋವಿನ ಅಜ್ಜಿಯ, ಆರಾಮಕುರ್ಚಿಯನ್ನು ತಂದು ಕೆಳಗಿನ ಮನೆಯ ವರಾಂಡದಲ್ಲಿ ಹಾಕಿದರು. ಅಜ್ಜಿ ಅದರಲ್ಲಿ ಕುಳಿತು, ಶಾಲು ಹೊದ್ದುಕೊಂಡು, ಬೀದಿಯಲ್ಲಿ ಹೋಗುವ ನಾಯಿ, ಸೈಕಲ್ಲು, ಮಕ್ಕಳನ್ನೆಲ್ಲ ಕಣ್ತುಂಬ ನೋಡಿದರು. ಆಮೇಲೆ, ಹೊಟ್ಟೆಗೆ ಕೈ ಆನಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಮಧುರಾಳನ್ನು ಕೂಗಿದರು.

"ನೋಡಮ್ಮ, ಮೇಲೆ ದಬದಬ ಅಂತ ಓಡಾಡಿದ್ರೆ ನಾನು ಸುಮ್ನೆ ಇರೋಳಲ್ಲ. ಜಗಳ ಮಾಡ್ತೀನಿ."

ಮಧುರಾ ಅರ್ಧ ಮೆಟ್ಟಿಲಲ್ಲೇ ನಿಂತಳು. ಅಲ್ಲಿಯವರೆಗೆ ಅವಳಿದ್ದ ಅಪಾರ್ಟ್‌ಮೆಂಟುಗಳಲ್ಲಿ ನೆರೆಯವರು ಕೈಬೀಸಿ ಹಾಯ್ ಎನ್ನುತ್ತಿದ್ದರು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

"ಮಗು ಓಡಾಡಿದ್ರೆ ಅಮ್ಮಾ?" ಎಂದಳು.

ಅಜ್ಜಿ ಶಾಲು ಸರಿಮಾಡಿಕೊಂಡರು.

"ಅದಕ್ಕೆ ಕಾಲು ಬರೋ ಹೊತ್ತಿಗೆ ನನಗೆ ಕಿವಿ ಹೋಗಿರತ್ತೆ. ಓಡ್ಲಿ ಬಿಡು."