ಸ್ಟವ್ ಪಿನ್ನು

"ಕಡುಬಿನ ಪಾತ್ರೆನೂ ಹಾಕೇ, ಜೋಗದ ಚಳಿಗೆ ಬಿಸಿ ಕಡುಬು ಚೆನ್ನಾಗಿರ್ತದೆ!" ಗೆಳೆಯರೊಂದಿಗೆ ಜಗಲಿಯಲ್ಲಿ ಕೂತಿದ್ದ ಶೇಷಗಿರಿ ಕೂಗಿದಾಗ, ಹೆಂಡತಿ ವನಜಾಕ್ಷಿ ಸೀಮೆಎಣ್ಣೆ ಸ್ಟವ್ವನ್ನು ಗೋಣಿಚೀಲಕ್ಕೆ ತುರುಕುತ್ತಿದ್ದಳು. ಈಳಿಗೆಮಣೆ, ಸಾರಿನ ಪುಡಿ ಆಗಲೇ ಒಳಗೆ ಸೇರಿದ್ದವು. ಸ್ಟವ್ವಿನ ತೂತು ಕಟ್ಟಿಕೊಂಡರೆ ಚುಚ್ಚುವ ಪಿನ್ನು ದಾರಿಯಲ್ಲಿ ಕಳೆಯಬಾರದೆಂದು ಎಂದಿನಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

ಹೋದ ವರ್ಷ ಆಗುಂಬೆಯಲ್ಲೂ ಹೀಗೇ ಬಾಡಿಗೆ ರೂಮು. ಗಂಡಸರೆಲ್ಲ ಸೂರ್ಯಾಸ್ತ ನೋಡಿ ಬರುವಾಗ ಅವಳು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹಪ್ಪಳ ಕರಿಯುತ್ತಿದ್ದಳು. ಈಗ ಲಿಂಗನಮಕ್ಕಿಯಲ್ಲಿ ಡ್ಯಾಮು ಏಳುತ್ತಿದೆ, ಮುಗಿದರೆ ಜೋಗ ಬತ್ತುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಅವಳು ಬಾಗಿಲಿಗೆ ಬಂದಳು.

"ಅಲ್ಲ, ನಾನು ಜೋಗ ನೋಡೋದು ಯಾವಾಗ್ರೀ?"

"ರೂಮಿನ ಕಿಟಕಿಯಿಂದಾನೇ ಕಾಣ್ತದಂತೆ ಮಾರಾಯ್ತಿ. ಒಗ್ಗರಣೆ ಹಾಕ್ತಾ ನೋಡು!"

ಗೆಳೆಯರು ಘೊಳ್ಳೆಂದು ನಕ್ಕರು. ವನಜಾಕ್ಷಿ ಚೀಲವನ್ನು ದರದರ ಎಳೆದು ತಂದು ಗಂಡನ ಕಾಲ ಬುಡದಲ್ಲಿ ಕುಕ್ಕಿದಳು. ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಪಿನ್ನನ್ನು ಅವನ ಅಂಗೈಗೆ ಒತ್ತಿದಳು.

"ಸ್ಟವ್ ಕಿಟಕಿ ಹತ್ರಾನೇ ಇಟ್ಕೊಳ್ಳಿ. ಒಗ್ಗರಣೆ ಹಾಕ್ತಾ ನೀವು ನೋಡಿ. ನಾನು ಕೆಳಗೆ ನೀರಿನ ಹತ್ರ ಇರ್ತೀನಿ, ಅಡುಗೆ ಆದ್ಮೇಲೆ ಕರೀರಿ."